ತಿಪ್ಪೆ ಎಲ್ಲಿರಬೇಕು?

ಸಗಣಿಯ ವಿಷಯವಾಗಿ ಸಂಘದ ಪತ್ರಿಕೆಗೆ ಲೇಖನ ಬರೆಯುತ್ತಿದ್ದೇನೆಂದು ಹೇಳಿದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಎಲ್ಲಾರೂ ಕಾಶಿ ಯಾತ್ರಿ ಬಗ್ಗೆ ಬರೀತಾರ, ಮಕ್ಕಳ ಮದುವಿ ಬಗ್ಗೆ ಬರೀತಾರ. ನಿಮಗ ಬರೀಲಿಕ್ಕೆ ಇದೊಂದೇ ಉಳಿದಿತ್ತೇನು?" ಎಂದು ಕೇಳಿದಳು. ಉಳಿದದ್ದು ಇದೊಂದೇ ಎಂದಲ್ಲ. ಆದರೆ ಈಚಿನ ವರ್ಷಗಳಲ್ಲಿ ನನಗೆ ಬುದ್ಧಿ ಕಲಿಸಿದ ವಸ್ತು ಇದೇ ಆಗಿರುವುದರಿಂದ, ಓದುಗರು ಮೂಗು ಮುಚ್ಚಿಕೊಳ್ಳದೆ ಕೊನೆಯವರೆಗೆ ಓದಬೇಕೆಂದು ಮೊದಲೇ ಕೈಮುಗಿದು ಕೇಳಿಕೊಳ್ಳುತ್ತೇನೆ.

ನಾನು ಇಂಡಿ ತಾಲೂಕಿನವನು. ಧಾರವಾಡದಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್‌ಸಿ. ಮಾಡಿದೆ. ಆ ಮೇಲೆ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಈ ಪಿಂಪ್ರಿ-ಚಿಂಚವಾಡಕ್ಕೆ ಬಂದೆ. ಕಲಿತ ರಸಾಯನಶಾಸ್ತ್ರ ಇಷ್ಟು ವರ್ಷ ಫೈಲುಗಳ ಕೆಳಗೆ ಸುಖವಾಗಿ ನಿದ್ದೆ ಮಾಡುತ್ತಿತ್ತು. ಅದನ್ನು ಎಬ್ಬಿಸಿದ್ದು ಮೂವತ್ತು ಎಮ್ಮೆಗಳು.

ನಮ್ಮ ಸೊಸೈಟಿಯ ಹಿಂದುಗಡೆ ಒಂದು ನಾಲಾ ಹರಿಯುತ್ತದೆ. ನಮ್ಮ ಕಡೆಯಲ್ಲಾದರೆ ಹಳ್ಳ ಎನ್ನುತ್ತಿದ್ದೆವು. ಅದು ಹೋಗಿ ಪವನಾ ನದಿಗೆ ಸೇರುತ್ತದೆ. ನಾಲಾದ ಆಚೆ ಬದಿಗೆ ಒಂದು ಗೋಠಾ, ಅಂದರೆ ಎಮ್ಮೆಗಳ ಕೊಟ್ಟಿಗೆ. ನಮ್ಮ ಮನೆಗೆ ಹನ್ನೆರಡು ವರ್ಷ ಹಾಲು ಅಲ್ಲಿಂದಲೇ ಬಂದಿದೆ. ನನ್ನ ಇಬ್ಬರು ಮಕ್ಕಳೂ ಆ ಹಾಲು ಕುಡಿದೇ ಬೆಳೆದವರು. ಹಾಲು ಬರುವಾಗ ಗೋಠಾ ಬೇಕಾಗಿತ್ತು, ವಾಸನೆ ಬರುವಾಗ ಬೇಡವಾಗಿತ್ತು. ಮನುಷ್ಯ ಸ್ವಭಾವವೇ ಹಾಗೆ.

2023ರ ಬೇಸಿಗೆಯಲ್ಲಿ ವಾಸನೆ ಮಿತಿಮೀರಿತು. ನಾಲಾದ ನೀರು ಕಪ್ಪಾಗಿ, ತಿರುವುಗಳಲ್ಲಿ ಜಲಪರ್ಣಿ ಹಸಿರು ಹಾಸಿಗೆಯಂತೆ ಹಬ್ಬಿ, ಸಂಜೆಯಾದರೆ ಸೊಳ್ಳೆಗಳ ದಂಡು ಬರತೊಡಗಿತು. ಸೊಸೈಟಿಯ ಸಭೆಯಲ್ಲಿ ಗೋಠಾದ ಮೇಲೆ ದೂರು ಕೊಡಬೇಕೆಂದು ಒಮ್ಮತದ ನಿರ್ಣಯವಾಯಿತು. ದೂರು ಬರೆಯುವ ಕೆಲಸ ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ. ಸರಕಾರಿ ಗುಮಾಸ್ತ ಇದ್ದಲ್ಲಿ ಬೇರೆಯವರು ಪೆನ್ನು ಹಿಡಿಯುವ ಪದ್ಧತಿ ಇಲ್ಲ.

ದೂರಿಗೆ ಮೊದಲು ನಿಯಮ ನೋಡಬೇಕು. ಅದು ನಮ್ಮ ಕಚೇರಿಯ ಸಂಸ್ಕಾರ. ಹುಡುಕಿದಾಗ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಡೇರಿ ಮತ್ತು ಗೋಶಾಲೆಗಳಿಗಾಗಿ ಹೊರಡಿಸಿದ ಮಾರ್ಗಸೂಚಿ ಸಿಕ್ಕಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದಿದ್ದ ಒಂದು ಪ್ರಕರಣದಿಂದ ಅದು ಹುಟ್ಟಿದ್ದು. ಅರ್ಜಿದಾರರ ಹೆಸರು ನುಗ್ಗೇಹಳ್ಳಿ ಜಯಸಿಂಹ. ದಿಲ್ಲಿಯ ದಾವೆಯಲ್ಲಿ ನಮ್ಮ ಕಡೆಯ ಹೆಸರು ಕಂಡು ನನಗೆ ಸಂತೋಷವಾಯಿತು. ಒಂದು ದೊಡ್ಡ ದನ ದಿನಕ್ಕೆ 15ರಿಂದ 20 ಕಿಲೋ ಸಗಣಿ ಹಾಕುತ್ತದೆ. ಅದನ್ನೂ ಕೊಟ್ಟಿಗೆ ತೊಳೆದ ನೀರನ್ನೂ ಚರಂಡಿಗೆ, ನದಿಗೆ ಬಿಡಬಾರದು. ಗೊಬ್ಬರ, ಎರೆಗೊಬ್ಬರ ಅಥವಾ ಗೋಬರ್ ಗ್ಯಾಸ್ ಮಾಡಬೇಕು ಎಂಬುದು ಅದರ ತಾತ್ಪರ್ಯ. ಮೂವತ್ತು ಎಮ್ಮೆಗಳ ಲೆಕ್ಕ ಹಾಕಿದೆ. ದಿನಕ್ಕೆ 450ರಿಂದ 600 ಕಿಲೋ! ದೂರು ತಾನಾಗಿಯೇ ಬರೆಯಿಸಿಕೊಳ್ಳುವಂತಿತ್ತು.

ಆದರೆ ಸ್ಥಳ ಪರಿಶೀಲನೆ ಮಾಡದೆ ಟಿಪ್ಪಣಿ ಬರೆಯಬಾರದೆಂಬುದೂ ನಮ್ಮ ಸಂಸ್ಕಾರವೇ. ಒಂದು ರವಿವಾರ ಬೆಳಿಗ್ಗೆ ನಾಲಾ ದಾಟಿ ಗೋಠಾಕ್ಕೆ ಹೋದೆ. ಅಲ್ಲಿ ಅರವತ್ತರ ಸುಮಾರಿನ ಒಬ್ಬ ಮುದುಕ ಪೈಪು ಹಿಡಿದು ಸಗಣಿಯನ್ನೆಲ್ಲ ಗಟಾರಕ್ಕೆ ನೂಕುತ್ತಿದ್ದ. ಗಟಾರ ನೇರ ನಾಲಾಕ್ಕೆ. ಎಮ್ಮೆಯೊಂದು ಒದೆಯಲು ಬಂದಾಗ ಅವನ ಬಾಯಿಂದ ಬಂದ ಬೈಗಳು ಅಚ್ಚ ಕನ್ನಡದ್ದಾಗಿತ್ತು.

"ಯಾವೂರು ಕಾಕಾ?" ಎಂದೆ.

ಅವನು ಪೈಪು ಕೆಳಗಿಟ್ಟ. "ಅಫಜಲಪುರ ಕಡಿ ರೀ. ನಿಮ್ದು?"

"ಇಂಡಿ."

"ಹಂಗಾದ್ರ ಭೀಮಾನದಿ ಆಚಿ ದಂಡಿ, ಈಚಿ ದಂಡಿ" ಎಂದು ನಕ್ಕ. ಆ ಕ್ಷಣದಿಂದ ನಾನು ಅವನಿಗೆ ಸಾಹೇಬನಲ್ಲ, ತಮ್ಮ.

ಗೋಠಾದ ಮಾಲಕರು ಮರಾಠಿಯಲ್ಲಿ ಹೇಳಿದ್ದರ ಸಾರಾಂಶವಿಷ್ಟು. ಅವರ ತಂದೆಯ ಕಾಲಕ್ಕೆ ಸುತ್ತಲೂ ಹೊಲಗಳಿದ್ದವು. ರೈತರು ಗಾಡಿ ತಂದು, ದುಡ್ಡು ಕೊಟ್ಟು ಸಗಣಿ ಒಯ್ಯುತ್ತಿದ್ದರು. ಈಗ ಹೊಲಗಳಿದ್ದಲ್ಲಿ ನಮ್ಮಂಥವರ ಕಟ್ಟಡಗಳಿವೆ. ಎಮ್ಮೆ ಸಗಣಿ ಹಾಕುವುದನ್ನು ನಿಲ್ಲಿಸಿಲ್ಲ, ಒಯ್ಯುವವರು ಮಾತ್ರ ಇಲ್ಲ. ದೂರು ಕೊಟ್ಟರೆ ಎಮ್ಮೆ ಮಾರಿ ಶೆಡ್ಡು ಬಾಡಿಗೆಗೆ ಕೊಡುವುದೊಂದೇ ದಾರಿ ಎಂದರು. ಕಾಕಾ ನನ್ನ ಮುಖ ನೋಡಿದ. ಎಮ್ಮೆ ಹೋದರೆ ಅವನ ಅನ್ನವೂ ಹೋಗುತ್ತದೆ.

ನನ್ನೊಳಗಿನ ಬಿ.ಎಸ್‌ಸಿ. ಎದ್ದು ಕೂತದ್ದು ಆಗ. "ದೂರು ಬೇಡ, ಗೊಬ್ಬರ ಮಾಡೋಣ" ಎಂದೆ.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. ಸಗಣಿ ಹೊಲದಲ್ಲಿ ಅಮೃತ, ನೀರಿನಲ್ಲಿ ವಿಷ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರುವುದು ಬರೀ 7-8 ಮಿಲಿಗ್ರಾಂ. ಮೀನು ಬದುಕುವುದು ಅಷ್ಟರಲ್ಲಿಯೇ. ಹಸಿ ಸಗಣಿ ನೀರಿಗೆ ಬಿದ್ದೊಡನೆ ಸೂಕ್ಷ್ಮಜೀವಿಗಳು ಅದನ್ನು ತಿನ್ನತೊಡಗಿ, ಈ ಅಲ್ಪಸ್ವಲ್ಪ ಆಮ್ಲಜನಕವನ್ನು ಬಳಸಿ ಮುಗಿಸಿಬಿಡುತ್ತವೆ. ಗಂಜಲದಿಂದ ಅಮೋನಿಯಾ ಹುಟ್ಟುತ್ತದೆ. ಅದೂ ಮೀನಿಗೆ ಮೃತ್ಯು. ಸಾರಜನಕ, ರಂಜಕಗಳನ್ನುಂಡು ಜಲಪರ್ಣಿ ಕೊಬ್ಬುತ್ತದೆ. ಇವೆಲ್ಲಕ್ಕಿಂತ ಭಯಂಕರವಾದದ್ದು ಸಗಣಿಯಲ್ಲಿರುವ ರೋಗಾಣುಗಳು. ಕೆನಡಾ ದೇಶದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ 2000ನೇ ಇಸವಿಯ ಮೇ ತಿಂಗಳಲ್ಲಿ ದೊಡ್ಡ ಮಳೆಯಾಗಿ, ಹತ್ತಿರದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದ ರೋಗಾಣುಗಳು ಊರಿನ ಬಾವಿಗಿಳಿದವು. ನೀರು ಶುದ್ಧಿ ಮಾಡಬೇಕಾದವರ ಅಲಕ್ಷ್ಯವೂ ಸೇರಿಕೊಂಡಿತು. 7 ಜನ ಸತ್ತರು, 2,300ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಆ ರೈತನದು ಏನೂ ತಪ್ಪಿಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಎಲ್ಲರೂ ಮಾಡುವಂತೆಯೇ ಅವನೂ ಗೊಬ್ಬರ ಹಾಕಿದ್ದ, ಅಷ್ಟೆ.

ಅದೇ ಸಗಣಿಯನ್ನು ಒಣ ಎಲೆ, ಹುಲ್ಲುಗಳ ಜೊತೆ ಬೆರೆಸಿ ರಾಶಿ ಹಾಕಿದರೆ ಸೂಕ್ಷ್ಮಜೀವಿಗಳು ತಮ್ಮ ಊಟವನ್ನು ನೀರಿನಲ್ಲಿ ಮಾಡದೆ ರಾಶಿಯಲ್ಲಿಯೇ ಮುಗಿಸುತ್ತವೆ. ರಾಶಿಯ ಒಳಗೆ 55 ಡಿಗ್ರಿಗೂ ಮೇಲೆ ಕಾವು ಏರುತ್ತದೆ. ಆ ಕಾವಿನಲ್ಲಿ ಕೆಲವು ದಿನ ಇದ್ದರೆ ಬಹುತೇಕ ರೋಗಾಣುಗಳು ಸಾಯುತ್ತವೆ. ಆಗಾಗ ಮಗುಚಿ ಹಾಕಿದರೆ ಹೊರಗಿನದು ಒಳಗೆ ಹೋಗಿ ಅದಕ್ಕೂ ಕಾವು ತಗಲುತ್ತದೆ. ಹರಿದು ಹೋಗುವಂಥ ಸಾರಜನಕ ಗಟ್ಟಿ ಪದಾರ್ಥದೊಳಗೆ ಸೇರಿ, ನಿಧಾನವಾಗಿ ಬಿಟ್ಟುಕೊಡುವಂಥದ್ದಾಗುತ್ತದೆ. ಈ ವಿದ್ಯೆಗೆ ನಮ್ಮ ದೇಶವೇ ಗುರುಪೀಠ. ಆಲ್ಬರ್ಟ್ ಹೋವರ್ಡ್ ಇಂದೂರಿನಲ್ಲಿ 1924ರಿಂದ 1931ರವರೆಗೆ ಪ್ರಯೋಗ ಮಾಡಿ ಮಗುಚಿ ಹಾಕುವ ಇಂದೂರು ಪದ್ಧತಿಯನ್ನು ರೂಪಿಸಿದರು. 1939ರಲ್ಲಿ ಸಿ. ಎನ್. ಆಚಾರ್ಯ ಅವರು ಬೆಂಗಳೂರಿನಲ್ಲಿ, ಗುಂಡಿ ತುಂಬಿ ಮಣ್ಣು ಮೆತ್ತಿಬಿಡುವ ಬೆಂಗಳೂರು ಪದ್ಧತಿಯನ್ನು ಹೇಳಿಕೊಟ್ಟರು. ಮಹಾರಾಷ್ಟ್ರದ ನಾರಾಯಣ ದೇವತಾವ ಪಾಂಢರಿಪಾಂಡೆಯವರು ಜಾಳಿಗೆ ಗೋಡೆಯ ಇಟ್ಟಿಗೆ ತೊಟ್ಟಿಯ ಪದ್ಧತಿ ತಂದರು. ಅವರ ಹೆಸರಿನಿಂದಲೇ ಅದಕ್ಕೆ ನಾಡೆಪ್ ಎನ್ನುತ್ತಾರೆ.

ಇಷ್ಟೆಲ್ಲವನ್ನೂ ನಾನು ಸೊಸೈಟಿಯ ಸಭೆಯಲ್ಲಿ ಭಾಷಣದಂತೆ ಹೇಳಿದೆ. ದೂರು ತಡೆಹಿಡಿಯಲಾಯಿತು. ರಾಶಿ ಹಾಕಲು ಜಾಗ ಎಲ್ಲಿ? ಗೋಠಾಕ್ಕೂ ನಾಲಾಕ್ಕೂ ನಡುವೆ ಹದಿನೈದು ಅಡಿ ಅಗಲದ ಪಟ್ಟಿ ಖಾಲಿ ಇತ್ತು. "ಇಲ್ಲೇ ಹಾಕ್ರಿ" ಎಂದು ಬೊಟ್ಟು ಮಾಡಿ ತೋರಿಸಿದವನು ನಾನೇ. ಕಾಕಾ ಏನೋ ಹೇಳಲು ಬಾಯಿ ತೆರೆದು, ಕಲಿತವರ ಎದುರು ಮಾತೇಕೆಂದು ಸುಮ್ಮನಾದ. ಅದನ್ನು ನಾನು ಕಂಡೆ, ಆದರೆ ಕೇಳಲಿಲ್ಲ.

ಏಪ್ರಿಲ್, ಮೇ ತಿಂಗಳು ನನಗೆ ಸುಗ್ಗಿ. ಕಾಕಾ ಸಗಣಿ ಬಾಚಿ ತರುವುದು, ಸೊಸೈಟಿಯ ಮಕ್ಕಳು ಉದುರಿದ ಎಲೆ ಗುಡಿಸಿ ತರುವುದು. ನಾಲ್ಕನೆಯ ದಿನ ರಾಶಿಯೊಳಗೆ ಚುಚ್ಚಿದ ಕಬ್ಬಿಣದ ಸಳಿಯನ್ನು ಹೊರಗೆಳೆದು ಹಿಡಿದರೆ ಅಂಗೈ ಸುಡುತ್ತಿತ್ತು. ಜೂನ್ ನಡುವಿನಲ್ಲಿ ಮೊದಲ ರಾಶಿ ಕಪ್ಪಾಗಿ, ಪುಡಿಯಾಗಿ, ಮಣ್ಣಿನ ವಾಸನೆ ಬಂತು. ಮಕ್ಕಳಿಗೆ ತೋರಿಸಲು ಒಂದು ಪ್ರಯೋಗ ಮಾಡಿದೆ. ಮೀನಿನ ತೊಟ್ಟಿಯ ಸಾಮಾನು ಮಾರುವ ಅಂಗಡಿಯಲ್ಲಿ ಮಿಥಿಲೀನ್ ಬ್ಲೂ ಎಂಬ ನೀಲಿ ಔಷಧ ಸಿಗುತ್ತದೆ. ಒಂದು ಬಾಟಲಿಯಲ್ಲಿ ಹಸಿ ಸಗಣಿ ಕದಡಿ ಸೋಸಿದ ನೀರು, ಇನ್ನೊಂದರಲ್ಲಿ ಮಾಗಿದ ಗೊಬ್ಬರ ಕದಡಿ ಸೋಸಿದ ನೀರು. ಎರಡಕ್ಕೂ ಅಷ್ಟಷ್ಟೇ ಹನಿ ನೀಲಿ ಹಾಕಿ ಬಿರಡೆ ಬಿಗಿದೆ. ಮರುದಿನ ಮೊದಲನೆಯ ಬಾಟಲಿಯ ನೀಲಿ ಮಾಯವಾಗಿತ್ತು. ಅಂದರೆ ಆಮ್ಲಜನಕವೆಲ್ಲ ಖರ್ಚಾಗಿತ್ತು. ಎರಡನೆಯದರಲ್ಲಿ ಬಣ್ಣ ಕೊಂಚ ಮಾಸಿದ್ದರೂ ನೀಲಿಯಾಗಿಯೇ ಉಳಿದಿತ್ತು. ಮೊದಲನೆಯದರ ಬಿರಡೆ ತೆಗೆದು ಕುಲುಕಿದರೆ, ಗಾಳಿ ಸೇರಿ ನೀಲಿ ಮತ್ತೆ ಮೂಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಮನಸ್ಸಿನಲ್ಲೇ ತಟ್ಟಿಕೊಂಡೆ.

ಜೂನ್ ಕೊನೆಯ ವಾರ ಮಳೆ ಬಂತು. ಒಂದು ರಾತ್ರಿಯೆಲ್ಲ ಸುರಿಯಿತು. ಬೆಳಿಗ್ಗೆ ಬಾಲ್ಕನಿಗೆ ಬಂದು ನೋಡುತ್ತೇನೆ, ನಮ್ಮ ರಾಶಿಗಳ ಬುಡದಿಂದ ಗಟ್ಟಿ ಕಷಾಯದಂಥ ಕಂದು ನೀರು ಝರಿಝರಿಯಾಗಿ ನಾಲಾಕ್ಕೆ ಇಳಿಯುತ್ತಿದೆ! ಚಹಾಪುಡಿಯ ಮೇಲೆ ಬಿಸಿನೀರು ಹೊಯ್ದಂತೆ, ಎರಡು ತಿಂಗಳಿಂದ ಕೂಡಿಟ್ಟದ್ದೆಲ್ಲ ಒಂದೇ ರಾತ್ರಿಯಲ್ಲಿ ಇಳಿದಿತ್ತು. ಮಾಗಿದ ರಾಶಿಯಿಂದ ಹೋದದ್ದು ಕಡಿಮೆ. ಅದರ ಹಿಂದಿನ ಅರೆಬೆಂದ ಐದಾರು ರಾಶಿಗಳು ಅರ್ಧ ಕರಗಿದ್ದವು. ಮೊದಲು ಸಗಣಿ ದಿನದಿನಕ್ಕೆ ಹೋಗುತ್ತಿತ್ತು. ನನ್ನ ಶಾಸ್ತ್ರಜ್ಞಾನದ ದೆಸೆಯಿಂದ ಒಟ್ಟಿಗೇ ಹೋಯಿತು. ನಾಲಾ ನದಿಗೆ ಸೇರುವಲ್ಲಿ ಅಂಗೈಯಷ್ಟು ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮೊದಲ ಮಳೆಗೆ ಪಟ್ಟಣದ ಎಲ್ಲ ಗಟಾರಗಳೂ ತೊಳೆದು ಬರುತ್ತವೆ, ಆ ಮೀನುಗಳ ಪಾಪವೆಲ್ಲ ನಮ್ಮ ರಾಶಿಯದಲ್ಲ. ಆದರೆ ಅದರಲ್ಲಿ ನಮ್ಮ ಪಾಲು ಇಲ್ಲವೆಂದು ಹೇಳುವ ಧೈರ್ಯ ನನಗಿರಲಿಲ್ಲ.

ಸೊಸೈಟಿಯ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು, "ನಿಮ್ಮ ಬಿ.ಎಸ್‌ಸಿ. ನಾಲಾದಲ್ಲಿ ಹರಿದುಹೋಯಿತಲ್ಲ" ಎಂದು ಮರಾಠಿಯಲ್ಲಿ ನಕ್ಕರು. ದೂರಿನ ಫೈಲು ಮತ್ತೆ ಮೇಜಿನ ಮೇಲೆ ಬಂತು.

ಛತ್ರಿ ಹಿಡಿದು ಗೋಠಾಕ್ಕೆ ಹೋದೆ. ಕಾಕಾ ಮಳೆಯಲ್ಲಿ ತೊಯ್ದು, ಸಲಿಕೆಯಿಂದ ಮಣ್ಣಿನ ಒಡ್ಡು ಹಾಕುತ್ತಿದ್ದ. ನನ್ನನ್ನು ಬೈಯಲಿಲ್ಲ. ಮೆಲ್ಲಗೆ ಕೇಳಿದ:

"ತಮ್ಮಾ, ನಿಮ್ಮೂರಾಗ ತಿಪ್ಪಿ ಹಳ್ಳದ ದಂಡಿಗೆ ಹಾಕ್ತಾರೇನು?"

ಉತ್ತರ ಕೊಡಲಾಗಲಿಲ್ಲ. ನಮ್ಮೂರಿನಲ್ಲಿ ಹಳ್ಳದ ಮೇಲಿನ ಒರತಿ ಕುಡಿಯಲಿಕ್ಕೆ, ಅದರ ಕೆಳಗೆ ಅರಿವೆ ಒಗೆಯಲಿಕ್ಕೆ, ಅದಕ್ಕೂ ಕೆಳಗೆ ದನಗಳ ಮೈ ತೊಳೆಯಲಿಕ್ಕೆ. ತಿಪ್ಪೆಗಳು ಹಳ್ಳಕ್ಕೆ ಬೆನ್ನು ಮಾಡಿ ಊರಿನ ಇನ್ನೊಂದು ಬದಿಗೆ, ಹೊಲದ ದಾರಿಯಲ್ಲಿ. ಮಳೆಗಾಲಕ್ಕೆ ಮುಂಚೆ ಗೊಬ್ಬರವೆಲ್ಲ ಬಂಡಿಯಲ್ಲಿ ಹೊಲಕ್ಕೆ ಹೋಗಿ ಮಣ್ಣಿನಲ್ಲಿ ಸೇರಿಬಿಡಬೇಕು. ಅಕ್ಷರ ಬಾರದ ನನ್ನ ಆಯಿ ಇದನ್ನು ಹತ್ತು ಸಲ ಹೇಳಿದ್ದಳು. ಪದವಿಯ ಪುಸ್ತಕದಲ್ಲಿದ್ದದ್ದು ನೆನಪಿಗೆ ಬಂತು, ಆಯಿ ಹೇಳಿದ್ದು ಬರಲಿಲ್ಲ.

ಕಾಕಾ ಇನ್ನೊಂದು ಮಾತು ಹೇಳಿದ. "ಈ ನೀರು ಎಲ್ಲಿಗಿ ಹೋಗ್ತದ ಗೊತ್ತದೇನು? ನಮ್ಮೂರಿಗೇ."

ನಿಜವೇ. ಪವನೆ ದಾಪೋಡಿಯ ಹತ್ತಿರ ಮುಳೆಗೆ ಸೇರುತ್ತಾಳೆ. ಮುಳೆ ಪುಣೆಯ ಸಂಗಮದಲ್ಲಿ ಮುಠೆಯನ್ನು ಕೂಡುತ್ತಾಳೆ. ಮುಳಾ-ಮುಠಾ ಪೂರ್ವಕ್ಕೆ ಹರಿದು ಭೀಮೆಯಲ್ಲಿ ಒಂದಾಗುತ್ತಾಳೆ. ದೇಹು, ಆಳಂದಿಗಳ ಇಂದ್ರಾಯಣಿಯೂ ತುಳಾಪುರದಲ್ಲಿ ಭೀಮೆಗೇ ಬರುತ್ತಾಳೆ. ಭೀಮೆ ಉಜನಿ ಆಣೆಕಟ್ಟಿನಲ್ಲಿ ತಂಗಿ, ಪಂಢರಪುರದಲ್ಲಿ ವಿಠಲನ ಪಾದ ತೊಳೆದು, ಇಂಡಿ-ಅಫಜಲಪುರಗಳ ನಡುವೆ ಹಾದು, ಗಾಣಗಾಪುರಕ್ಕೆ ಹೋಗುತ್ತಾಳೆ. ಹೊಟ್ಟೆಪಾಡಿಗಾಗಿ ನಾವು ನದಿಯ ಮೇಲ್ಗಡೆಗೆ ಬಂದಿದ್ದೇವೆ. ನಮ್ಮ ತಂದೆ ತಾಯಿ, ಅಣ್ಣ ತಮ್ಮಂದಿರು ಕೆಳಗಡೆ ಇದ್ದಾರೆ. ಇಲ್ಲಿ ನಾವು ಬಿಟ್ಟದ್ದೆಲ್ಲ ಅಷ್ಟು ದೂರ ಹಾಗೆಯೇ ಮುಟ್ಟುವುದಿಲ್ಲ, ದಾರಿಯಲ್ಲಿ ನದಿ ಎಷ್ಟೋ ತೊಳೆದುಕೊಳ್ಳುತ್ತದೆ. ಆದರೂ ಆ ದಿನ ನನಗೆ ನಮ್ಮ ನಾಲಾ ಊರಿನ ಹಳ್ಳದಂತೆಯೇ ಕಂಡಿತು.

ಮರುದಿನ ಸೊಸೈಟಿಗೆ ನಾನೇ ಬರೆದುಕೊಟ್ಟೆ. ಜಾಗ ತೋರಿಸಿದ್ದು ನಾನು, ತಪ್ಪು ನನ್ನದು, ಗೋಠಾದವರದಲ್ಲ. ಮೂರು ತಿಂಗಳ ಅವಕಾಶ ಕೊಡಬೇಕು. ಇಪ್ಪತ್ತು ವರ್ಷ ಬೇರೆಯವರ ತಪ್ಪುಗಳಿಗೆ ವಿವರಣೆ ಕೇಳಿ ಪತ್ರ ಬರೆದವನಿಗೆ, ತನ್ನ ತಪ್ಪಿಗೆ ವಿವರಣೆ ಬರೆಯುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಅವಕಾಶವೇನೋ ಸಿಕ್ಕಿತು.

ಈ ಸಲ ಕಾಕಾ ಹೇಳಿದಂತೆ ನಾನು ಬರೆದುಕೊಂಡೆ. ಗೋಠಾದ ಹಿಂದೆ, ರಸ್ತೆಯ ಬದಿಗೆ, ನಾಲಾದಿಂದ ದೂರವಾದ ಎತ್ತರದ ಜಾಗ. ನೆಲಕ್ಕೆ ಗಿಲಾವು, ನೆಲದ ಇಳಿಜಾರು ನಾಲಾದ ಕಡೆಗಲ್ಲ, ಒಂದು ಸಣ್ಣ ಗುಂಡಿಯ ಕಡೆಗೆ. ಸುತ್ತ ಇಟ್ಟಿಗೆಯ ತೊಟ್ಟಿ, ಮೇಲೆ ತಗಡು. ಗುಂಡಿಗೆ ಇಳಿದ ರಸವನ್ನು ಮತ್ತೆ ರಾಶಿಯ ಮೇಲೆಯೇ ಹೊಯ್ಯುವುದು. ಕೊಟ್ಟಿಗೆಯಲ್ಲಿ ಮೊದಲು ಸಲಿಕೆಯಿಂದ ಬಾಚುವುದು, ಆ ಮೇಲೆ ತೊಳೆಯುವುದು. ಇದೊಂದರಿಂದಲೇ ತೊಳೆಯುವ ನೀರು ಬಹಳ ಕಡಿಮೆಯಾಯಿತು. ಗಂಜಲ ಹರಿಯುವಲ್ಲಿ ಒಣ ಎಲೆ ಹಾಸುವುದು. ಅಮೋನಿಯಾದ ಘಾಟು ಬಂದರೆ ರಾಶಿಗೆ ಇನ್ನಷ್ಟು ಒಣ ಎಲೆ. ನೀರಿಗೆ ಇಷ್ಟೊಂದು ಉಪಕಾರ ಮಾಡಬಹುದಾದದ್ದು ಒಂದು ತಗಡಿನ ಚಪ್ಪರ ಎಂದು ನನ್ನ ಪಠ್ಯಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಹೊಸ ಗಟಾರದ ಲೆಕ್ಕ ಹಾಕುವಾಗ ಇನ್ನೊಂದು ಸತ್ಯ ಹೊರಬಿತ್ತು. ನಮ್ಮ ಸೊಸೈಟಿಯ ಸಂಡಾಸದ ಕೊಳವೆಯ ಒಂದು ಚೇಂಬರ್ ಒಡೆದು, ಎಷ್ಟೋ ದಿನಗಳಿಂದ ನಾಲಾಕ್ಕೆ ಸೋರುತ್ತಿತ್ತು! ದೂರು ಕೊಟ್ಟಿದ್ದರೆ ಎರಡು ದೂರು ಕೊಡಬೇಕಾಗುತ್ತಿತ್ತು, ಒಂದು ನಮ್ಮ ಮೇಲೆ. ಬಿ.ಎಸ್‌ಸಿ. ಬಗ್ಗೆ ನಕ್ಕ ಹಿರಿಯರೇ ಮುಂದೆ ನಿಂತು ಅದನ್ನು ದುರಸ್ತಿ ಮಾಡಿಸಿದರು.

ಈಗ ಗೊಬ್ಬರ ಚೀಲಗಳಲ್ಲಿ ನರ್ಸರಿಗಳಿಗೂ ತಾರಸಿಯ ಮೇಲೆ ತರಕಾರಿ ಬೆಳೆಯುವವರಿಗೂ ಹೋಗುತ್ತದೆ. ಅವರಿಗೊಂದು ಮಾತು. ಗೊಬ್ಬರ ಒಳ್ಳೆಯದೆಂದು ಕುಂಡದ ತುಂಬ ಸುರಿಯಬೇಡಿರಿ. ಗೊಬ್ಬರವಾಗುವಾಗ ಸಾರಜನಕದ ಒಂದಂಶ ಗಾಳಿಗೆ ಹೋಗುತ್ತದೆ, ರಂಜಕ ಹಾಗೇ ಉಳಿಯುತ್ತದೆ. ಗಿಡಕ್ಕೆ ಬೇಕಾದ ಸಾರಜನಕದ ಲೆಕ್ಕದಲ್ಲಿ ಗೊಬ್ಬರ ಹಾಕುತ್ತ ಹೋದರೆ ರಂಜಕ ಹೆಚ್ಚಾಗಿ, ಮಳೆನೀರಿನೊಡನೆ ಮತ್ತೆ ಅದೇ ಜಲಪರ್ಣಿಯ ಬಾಯಿಗೆ ಬೀಳುತ್ತದೆ. ದನ ಬಹಳ, ನೆಲ ಸ್ವಲ್ಪ ಇರುವ ಯುರೋಪಿನ ದೇಶಗಳಿಗೂ ಈ ಕಷ್ಟ ಬಂದಿದೆ. 1991ರ ಅವರ ಕಾನೂನಿನ ಪ್ರಕಾರ, ನೈಟ್ರೇಟಿನ ಅಪಾಯವಿರುವ ಪ್ರದೇಶಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ 170 ಕಿಲೋಗಿಂತ ಹೆಚ್ಚು ಸಾರಜನಕ ದನದ ಗೊಬ್ಬರದಿಂದ ಹಾಕುವಂತಿಲ್ಲ. ಔಷಧಕ್ಕಿರುವಂತೆ ಗೊಬ್ಬರಕ್ಕೂ ಒಂದು ಪ್ರಮಾಣವಿದೆ.

ನಾಲಾ ಈಗ ಗಂಗೆಯಾಗಿದೆ ಎಂದು ನಾನು ಹೇಳುವುದಿಲ್ಲ. ಮೇಲಿನಿಂದ ಬರುವ ಕೊಳಚೆ ಬರುತ್ತಲೇ ಇದೆ. ಪವನೆಯ ದೊಡ್ಡ ರೋಗ ಪಟ್ಟಣದ ಮಲಿನ ನೀರು ಮತ್ತು ಕಾರಖಾನೆಗಳದು, ಎಮ್ಮೆಗಳದು ಅದರಲ್ಲಿ ಸಣ್ಣ ಪಾಲು. ಆದರೆ ನಮ್ಮ ತಿರುವಿನಲ್ಲಿ ವಾಸನೆ ಇಳಿದಿದೆ. ಎಮ್ಮೆಗಳಿವೆ, ಕಾಕಾ ಇದ್ದಾನೆ, ಮನೆಗೆ ಹಾಲು ಬರುತ್ತಿದೆ.

ಕಳೆದ ದೀಪಾವಳಿಗೆ ನಮ್ಮ ಅವ್ವ ಊರಿನಿಂದ ಬಂದಿದ್ದಳು. ಪಾಡ್ಯದ ದಿನ ಹಟ್ಟೆವ್ವನನ್ನು ಮಾಡಲು ಸಗಣಿ ಬೇಕೆಂದಳು. ಕಾಕಾ ಒಂದು ಬುಟ್ಟಿ ತಂದುಕೊಟ್ಟ. ಅವ್ವ ಹಟ್ಟೆವ್ವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂ ಸಿಗಿಸಿ, ಹೊಸ್ತಿಲಲ್ಲಿಟ್ಟು ಪೂಜೆ ಮಾಡಿದಳು. ಹಿಂದಿನ ವರ್ಷಗಳಲ್ಲೆಲ್ಲ ಪೂಜೆಯ ನಂತರ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸ್ಕೂಟರಿನ ಮೇಲೆ ಒಯ್ದು, ಭಕ್ತಿಯಿಂದ ಪವನೆಯಲ್ಲಿ ಬಿಟ್ಟು ಬರುತ್ತಿದ್ದವನು ನಾನೇ. ಈ ಸಲವೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಅವ್ವ ಕೇಳಿದಳು:

"ಹೊಳಿಗ್ಯಾಕ ಒಯ್ತಿ? ಇಲ್ಲಿ ತಿಪ್ಪಿ ಇಲ್ಲೇನು?"

"ಐತೆವ್ವಾ" ಎಂದು ಬುಟ್ಟಿ ಹೊತ್ತುಕೊಂಡು ಗೋಠಾದ ಹಿಂದಿನ ದಾರಿ ಹಿಡಿದೆ.